ಉತ್ತರಕ್ಕೆ ಕೊಲ್ಲಾಪುರದ ತನಕ, ಮೇಲಕ್ಕೆ ಶಿಖರದ ತನಕ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ನನಗೆ ಮೊದಲು ಸಿಕ್ಕದ್ದು ಎರಡು ಅಂಕಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಕೊಲ್ಲಾಪುರದ ಉಜಳಾಯಿವಾಡಿ ವಿಮಾನ ನಿಲ್ದಾಣಕ್ಕೆ ಆಕಾಶದ ದಾರಿ ಸುಮಾರು ತೊಂಬತ್ತಾರು ಕಿಲೋಮೀಟರು. ಸಣ್ಣ ವಿಮಾನವಾದರೆ ಇಪ್ಪತ್ತೈದು ನಿಮಿಷ. ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ನಾನೇ ಗೆರೆ ಎಳೆದೆ. ಗೆರೆ ನಿಪ್ಪಾಣಿಯ ನೆತ್ತಿಯ ಮೇಲೆ ಹಾದು ಅಕ್ಕೋಳದ ಪಕ್ಕದಲ್ಲೇ ಹೋಯಿತು. (ಪೆನ್ಸಿಲ್ಲಿನ ಮೊನೆ ಮೊಂಡಾಗಿ ಗೆರೆಯ ದಪ್ಪವೇ ಎರಡು ಮೂರು ಕಿಲೋಮೀಟರು ಇತ್ತು. ಅಕ್ಕೋಳದ ಬಸದಿ ಗೆರೆಯೊಳಗೇ ಬಿತ್ತು ಎಂದರೂ ತಪ್ಪಾಗಲಿಕ್ಕಿಲ್ಲ.)

ಮನುಷ್ಯರಿಗಿಂತ ಮೊದಲು ಅಂಕಿ ಸಿಗುವುದು ಕಥೆಗೆ ಒಳ್ಳೆಯ ಲಕ್ಷಣವಲ್ಲ. ನಮ್ಮ ಕಡೆ ಕಥೆ ಹೇಳುವ ಮುದುಕಿಯರು ಮೊದಲು ಒಂದು ಊರು ಕೊಡುತ್ತಿದ್ದರು. ಆಮೇಲೆ ಆ ಊರಿಗೊಂದು ಮನೆ, ಆ ಮನೆಗೊಬ್ಬ ಹೆಣ್ಣುಮಗಳು. ಕೇಳುವವರು ಹೂಂ ಅನ್ನುತ್ತಿರಬೇಕು. ಹೂಂಗುಡುವುದು ನಿಂತರೆ ಕಥೆಯೂ ಅಲ್ಲಿಗೇ ನಿಂತಿತು. ನೀವು ಹೂಂ ಅಂದದ್ದು ನನಗೆ ಕೇಳಿಸುವುದಿಲ್ಲ. ಅಂದಿದ್ದೀರಿ ಎಂಬ ನಂಬಿಕೆಯ ಮೇಲೆ ಮುಂದೆ ಹೋಗುತ್ತೇನೆ. ಇಲ್ಲಿಯವರೆಗೆ ನನ್ನ ಬದುಕು ನಡೆದದ್ದೂ ಹೆಚ್ಚುಕಡಿಮೆ ಇಂಥ ನಂಬಿಕೆಯ ಮೇಲೆಯೇ.

ಊರು: ಅಕ್ಕೋಳ. ಮನೆ: ಬಸದಿಯ ಎಡಗೈಗೆ ಮೂರನೆಯದು. ಹೆಣ್ಣುಮಗಳು: ರಾಜಮತಿ.

೨

ರಾಜಮತಿಗೆ ಈ ಕಥೆಯಲ್ಲಿ ಐವತ್ತೆಂಟು ವರ್ಷ. ಆದರೆ ಅವಳನ್ನು ಹದಿನಾರರಲ್ಲಿ ನೋಡದೆ ಐವತ್ತೆಂಟಕ್ಕೆ ಹೋಗುವಂತಿಲ್ಲ.

ಅವಳು ಮದುವೆಯಾಗಿ ಬಂದ ವರ್ಷ ಅಕ್ಕೋಳದ ಬಸದಿಗೆ ಒಬ್ಬ ಜೈನ ಮುನಿ ಬಂದಿದ್ದರು. ಊರ ಹೆಂಗಸರು ಅವರ ಮುಂದೆ ಒಬ್ಬೊಬ್ಬರಾಗಿ ದಿಗ್ವ್ರತ ಹಿಡಿದರು. ಇಷ್ಟರಾಚೆ ಹೋಗುವುದಿಲ್ಲ ಎಂದು ಹತ್ತೂ ದಿಕ್ಕಿಗೆ ಗಡಿ ಹಾಕಿಕೊಳ್ಳುವ ನೇಮ ಅದು. ಗಡಿಯಾಚೆ ನಾವು ಹೋಗದಿದ್ದರೆ ಅಲ್ಲಿನ ಹುಳಹುಪ್ಪಟೆಗೂ ನಮ್ಮಿಂದ ನೋವಿಲ್ಲ ಎನ್ನುವುದು ಅದರ ತಿರುಳು. ತೀರ್ಥಯಾತ್ರೆಗೆ ಮಾತ್ರ ಗಡಿ ಇಲ್ಲ. ರಾಜಮತಿಯ ಪಾಳಿ ಬಂತು.

"ಮೂಡಣಕ್ಕ?" ಎಂದು ಕೇಳಿದರು ಮುನಿಗಳು.

"ಅಥಣಿ ತನಕಾರಿ ಮಹಾರಾಜ."

"ತೆಂಕಣಕ್ಕ?"

"ಬೆಳಗಾಂವಿ ಮುಂದಿನ ಸಾಂಬ್ರಾ ತನಕ. ಅಲ್ಲಿ ನಮ್ಮ ಮಾವಶಿ, ಅವ್ವನ ತಂಗಿ, ಅದಾಳ್ರಿ."

"ಪಡುವಣಕ್ಕ?"

"ಗಾರಗೋಟಿ."

"ಬಡಗಣಕ್ಕ?"

"ಕೊಲ್ಲಾಪುರ."

ನಾಲ್ಕು ಮೂಲೆಗಳಿಗೆ ಕಾಗವಾಡ, ರಾಯಬಾಗ ಎಂದು ತನಗೆ ಗೊತ್ತಿದ್ದ ಊರುಗಳನ್ನೆಲ್ಲ ಹೇಳಿ ಮುಗಿಸಿದಳು. ಕೆಳಕ್ಕೆ ಎಂದಾಗ ನಮ್ಮ ಹೊಲದ ಬಾವಿಯ ತಳ ಎಂದಳು. ಮೇಲಕ್ಕೆ ಎಂದಾಗ ಹಿಂದೆ ಕೂತ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ರಾಜಮತಿ ತಲೆ ಎತ್ತಿ ಸುತ್ತ ನೋಡಿದಳು.

"ನಮ್ಮ ಬಸ್ತಿ ಶಿಖರದ ತನಕ್ರಿ. ಅದಕ್ಕಿಂತ ಮ್ಯಾಲ ನಂದೇನ ಕೆಲಸೈತಿ?"

ಮುನಿಗಳು ನಗಲಿಲ್ಲ. "ವಿಚಾರ ಮಾಡಿ ಹೇಳವ್ವಾ. ಒಮ್ಮೆ ಕೊಟ್ಟ ಮ್ಯಾಲ ಮುಗೀತು."

"ವಿಚಾರ ಮಾಡೇ ಹೇಳೇನ್ರಿ."

(ಅವಳು ವಿಚಾರ ಮಾಡಿರಲಿಲ್ಲ. ಹದಿನಾರು ವರ್ಷದ ಹುಡುಗಿ ಗುಡ್ಡದ ತುದಿ ಅನ್ನಬಹುದಿತ್ತು, ಮೋಡ ಅನ್ನಬಹುದಿತ್ತು. ಕಣ್ಣೆದುರು ಶಿಖರವಿತ್ತು, ಅಂದಳು. ನಾನೂ ಆ ವಯಸ್ಸಿನಲ್ಲಿ ದೇವರ ಮುಂದೆ ಕಣ್ಣಿಗೆ ಕಂಡದ್ದನ್ನೇ ಬೇಡಿದ್ದೇನೆ. ನನಗೆ ಅದು ಸಿಗಲಿಲ್ಲವಾದ್ದರಿಂದ ಬಚಾವಾದೆ.)

೩

ರಾಜಮತಿಗೆ ಒಬ್ಬಳೇ ಅಕ್ಕ, ಕಸ್ತೂರೆವ್ವ. ಅವಳನ್ನು ಕೊಲ್ಲಾಪುರದ ಅಣ್ಣಾಸಾಬರಿಗೆ ಕೊಟ್ಟಿತ್ತು. ಅಕ್ಕ ತಂಗಿಯರ ನಡುವೆ ಹನ್ನೊಂದು ವರ್ಷದಿಂದ ಮಾತಿಲ್ಲ.

ಕಾರಣ ಒಂದು ತಂಬಿಗೆ ನೀರು. ಅವರ ತಾಯಿ ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದ ನೇಮದವಳು. ಕೊನೆಯ ದಿನ, ಜ್ವರದ ತಾಪದಲ್ಲಿ, ಹೊತ್ತು ಮುಳುಗಿ ಅರ್ಧ ತಾಸಾದ ಮೇಲೆ ನೀರು ನೀರು ಎಂದಳು. ರಾಜಮತಿ ತಾಯಿಯ ಕೈ ಹಿಡಿದು ಕಿವಿಯಲ್ಲಿ ಮಂತ್ರ ಹೇಳುತ್ತ ಕೂತಿದ್ದಳು. ಕಸ್ತೂರೆವ್ವ ಎದ್ದು ಹೋಗಿ ತಂಬಿಗೆ ತಂದು ಕುಡಿಸಿದಳು. ತಾಯಿ ಕುಡಿದಳು. ಬೆಳಗಾಗುವ ಮೊದಲೇ ಹೋದಳು.

"ನಲವತ್ತ ವರ್ಷದ ಅವ್ವನ ನೇಮಾ ನೀ ಒಂದ ಗುಟುಕಿನ್ಯಾಗ ಹಾಳ ಮಾಡಿದಿ," ಎಂದಳು ರಾಜಮತಿ, ಹೆಣ ಇನ್ನೂ ಅಂಗಳದಲ್ಲಿದ್ದಾಗಲೇ, ಬೀಗರು ನೆಂಟರ ಮುಂದೆ.

ಕಸ್ತೂರೆವ್ವ ಅಂದದ್ದು ಇಷ್ಟೇ: "ಪಾಪ ಇದ್ರ ನನಗಿರ್ಲಿ. ಅವ್ವಗ ನೀರಡಿಕಿ ಆಗಿತ್ತು."

(ನನ್ನ ಮೊದಲ ಬರಹದಲ್ಲಿ ಇಲ್ಲಿ ರಾಜಮತಿಯ ಪಕ್ಷ ವಹಿಸಿ ಮುಕ್ಕಾಲು ಪುಟ ಬರೆದಿದ್ದೆ. ಎರಡನೆಯದರಲ್ಲಿ ಕಸ್ತೂರೆವ್ವನ ಪಕ್ಷ. ಎರಡೂ ಚೆನ್ನಾಗಿ ಬಂದಿದ್ದವು. ತೊಂದರೆ ಇದ್ದದ್ದೇ ಅಲ್ಲಿ. ಎರಡನ್ನೂ ತೆಗೆದೆ.)

ಈಗ ಐವತ್ತೆಂಟಕ್ಕೆ ಬರೋಣ. ಎಂಬತ್ತರ ದಶಕದ ಕೊನೆಯ ಒಂದು ಶ್ರಾವಣ. ರಾಜಮತಿ ಮೊಮ್ಮಗುವಿಗೆ ಹೆಸರಿಡಲೆಂದು ಬೆಳಗಾವಿಯ ಮಗಳ ಮನೆಗೆ ಬಂದಿದ್ದಳು. ಹಿಂದಿರುಗಬೇಕೆನ್ನುವಷ್ಟರಲ್ಲಿ ಮಳೆ ಹಿಡಿಯಿತು. ಐದನೆಯ ದಿನ ಬೆಳಿಗ್ಗೆ ಮನೆ ಮಾಲೀಕರ ಫೋನಿಗೆ ಕೊಲ್ಲಾಪುರದಿಂದ ಕರೆ ಬಂತು. ಅಣ್ಣಾಸಾಬರು, ಆಸ್ಪತ್ರೆಯಿಂದ.

"ರಾಜಾ, ನಿಮ್ಮಕ್ಕ ಇವತ್ತ ಸಂಜೀ ತನ್ಕಾ ಇದ್ರ ಹೆಚ್ಚ ಅಂತಾರ. ಎಲ್ಲಾರ್ನೂ ಕರಸಿ ಕ್ಷಮಾ ಕೇಳಿ ಮುಗಿಸಿದ್ಲು. ಭಾಂಡಿ ತಿಕ್ಕಾಕಿನ್ನೂ ಬಿಡ್ಲಿಲ್ಲ. ನೀ ಒಬ್ಬಾಕಿ ಉಳದಿ."

"ನನ್ನ ಹೆಸರ ಹೇಳಿದ್ಲೇನ್ರಿ ಭಾವಾರ?"



"ಹೆಸರ ಹೇಳಂಗಿಲ್ಲ. ಬಾಗಲಾ ನೋಡ್ತಾಳ."

ಸಾಯುವ ಮೊದಲು ಎಲ್ಲರಿಗೂ ಕ್ಷಮೆ ಕೇಳಿ, ಎಲ್ಲರಿಗೂ ಕ್ಷಮೆ ಕೊಟ್ಟು ಹೋಗುವುದು ಅವರ ರೂಢಿ. ಒಬ್ಬರು ಉಳಿದರೂ ಹೋಗುವ ಜೀವ ಗಂಟು ಹೊತ್ತುಕೊಂಡೇ ಹೋಗಬೇಕು. ಉಳಿದವರೂ ಅಷ್ಟೇ.

೪ (ಹರಿದು ಹಾಕಿದ್ದು)

ಕೊಲ್ಲಾಪುರದ ದಾರಿಯಲ್ಲಿ ನಿಪ್ಪಾಣಿ ದಾಟಿದರೆ ಯಮಗರ್ಣಿ. ಅಲ್ಲಿ ವೇದಗಂಗೆ ಹೆದ್ದಾರಿಯ ಮೇಲೆ ಏರಿ ಹರಿಯುತ್ತಿತ್ತು. ಅಲ್ಲಿಂದಾಚೆ ಬಸ್ಸು ಬಂದ್. ರೈಲಿನಲ್ಲಿ ಮಿರಜಿಗೆ ಹೋಗಿ ಸುತ್ತಿ ಬರೋಣವೆಂದರೆ ರಾಯಬಾಗದ ಆಚೆ ಹಳಿಯ ಕೆಳಗಿನ ಮಣ್ಣು ಕುಸಿದಿತ್ತು. ರಾಜಮತಿ ಸಿಕ್ಕ ಬಸ್ಸು ಹಿಡಿದು ನಿಪ್ಪಾಣಿಯವರೆಗೆ ಬಂದು, ನೀರಿನ ಅಂಚಿಗೆ ನಿಂತಳು. ಹಿಂದೆ ಮೈಲುಗಟ್ಟಲೆ ಲಾರಿಗಳ ಸಾಲು. ಡ್ರೈವರುಗಳು ಟಾರ್ಪಾಲಿನ ಕೆಳಗೆ ಒಲೆ ಹೂಡಿ ಅನ್ನ ಬೇಯಿಸುತ್ತಿದ್ದರು. ಎರಡು ದಿನ ಕಾದು, ಮೂರನೆಯ ದಿನ ನೀರಿಳಿದು, ಅವಳು ಕೊಲ್ಲಾಪುರ ಮುಟ್ಟುವಷ್ಟರಲ್ಲಿ ಅಕ್ಕನ ಚಿತೆ ಆರಿತ್ತು.

ನಾಲ್ಕು ಪುಟ ಬರೆದು ಹರಿದೆ. ನೇಮ ಉಳಿಯಿತು, ಅಕ್ಕ ಉಳಿಯಲಿಲ್ಲ. ನೀವು ಅಯ್ಯೋ ಎಂದು ಪುಸ್ತಕ ಮಡಚಿ ಊಟಕ್ಕೆ ಏಳುತ್ತಿದ್ದಿರಿ. ಅದಕ್ಕಿಂತ ಕೆಟ್ಟದ್ದೆಂದರೆ, ಆ ನಾಲ್ಕು ಪುಟದಲ್ಲಿ ರಾಜಮತಿ ಒಂದು ಮಾತೂ ಆಡಿರಲಿಲ್ಲ. ನೀರನ್ನೂ ನೋಡಲಿಲ್ಲ. ನನ್ನನ್ನೇ ನೋಡುತ್ತ ನಿಂತಿದ್ದಳು.

೫

ಹಾಗಾಗಿ ಒಂದು ವಿಮಾನ ತರಿಸಿದೆ.

ಹತ್ತೊಂಬತ್ತು ಸೀಟಿನದು, ಬೆಳಗಾವಿಯಿಂದ ಕೊಲ್ಲಾಪುರಕ್ಕೆ, ಅಲ್ಲಿಂದ ಮುಂದೆ ಮುಂಬೈಗೆ. ಅಂಥ ವಿಮಾನ ಆ ವರ್ಷ ಆ ದಿನ ನಿಜಕ್ಕೂ ಇತ್ತೇ ಎಂದು ಹಳೆಯ ಟೈಮ್‌ಟೇಬಲ್ ತೆಗೆದು ಹುಡುಕಬೇಡಿ. ಇದು ನನ್ನ ವಿಮಾನ. ಮಧ್ಯಾಹ್ನ ಎರಡಕ್ಕೆ ಮಳೆ ಒಂದಿಷ್ಟು ಬಿಡುವು ಕೊಟ್ಟಂತೆ ಮಾಡಿದ್ದೂ ನಾನೇ.

ಅಳಿಯ ಭೂಪಾಲ ಯಾರದೋ ಕೈಕಾಲು ಹಿಡಿದು ಟಿಕೀಟು ಹೊಂದಿಸಿದ. ಅತ್ತೆಯ ಹಳೆಯ ನೇಮ ಅವನಿಗೆ ಗೊತ್ತಿಲ್ಲ.

"ಅತ್ತೀ, ಇಪ್ಪತ್ತೈದ ಮಿನಿಟ್ರಿ ಬರೇ. ನೀವು ಎಲಿ ಅಡಕಿ ಜಗದ ಮುಗಸೂದ್ರಾಗ ಕೊಲ್ಲಾಪುರ. ಅಂಜಬ್ಯಾಡ್ರಿ."

"ಅಂಜಿಕಿ ಅಲ್ಲ ಅಳಿಯಾರ," ಎಂದಳು. ಅವನು ಕೌಂಟರಿನ ಕಡೆ ಹೋದ. ಸಾಂಬ್ರಾ ನಿಲ್ದಾಣದ ಉದ್ದನೆಯ ಬೆಂಚಿನ ಮೇಲೆ ಅವಳೊಬ್ಬಳೇ ಕೂತಳು, ಕಾಲುಗಳನ್ನು ಮೇಲೆ ಮಡಚಿಕೊಂಡು, ಪಕ್ಕದಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು. ಆಮೇಲೆ ಚೀಲವನ್ನು ಆಚೆ ಸರಿಸಿ ಜಾಗ ಮಾಡಿದಳು. ನನಗೆ.

"ಎಷ್ಟ ದೂರ ಅಂದಿ ತಮ್ಮಾ?"

"ತೊಂಬತ್ತಾರ ಕಿಲೋಮೀಟರ್ರಿ ಅಕ್ಕಾರ."

"ದೂರದ ಮಾತಲ್ಲ. ಸಾಂಬ್ರಾನೂ ನನ್ನ ಗಡಿಯೊಳಗೈತಿ, ಕೊಲ್ಲಾಪುರಾನೂ ಐತಿ. ಎತ್ತರ ಎಷ್ಟ?"

ನಾನು ಅದನ್ನು ಅಳೆದಿರಲಿಲ್ಲ. ಭೂಪಟದ ಮೇಲೆ ಮೇಲಕ್ಕೆ ಅಳೆಯಲು ಬರುವುದಿಲ್ಲ.

"ಎರಡ ಸಾವಿರ ಮೀಟರ್ ಇದ್ದೀತ್ರಿ."

"ನಮ್ಮ ಶಿಖರ?"

"ಹದಿನೈದ ಹಿಡೀರಿ."

"ಹಂಗಾರ ನಾ ಹತ್ತಂಗಿಲ್ಲ," ಎಂದಳು ರಾಜಮತಿ. ಸಿಟ್ಟಿನಿಂದಲ್ಲ. ಸಂತೆಯಲ್ಲಿ ಹಾಳಾದ ಬದನೆಕಾಯಿ ಬೇಡವೆನ್ನುವ ಹಾಗೆ.

೫ (ಇನ್ನೊಮ್ಮೆ)

ಪಾತ್ರಗಳು ತಮ್ಮ ಮಾತು ಕೇಳುವುದಿಲ್ಲ ಎಂದು ಲೇಖಕರು ಭಾಷಣಗಳಲ್ಲಿ ಹೇಳಿಕೊಳ್ಳುವುದನ್ನು ಕೇಳಿ ನಾನು ಒಳಗೊಳಗೇ ನಗುತ್ತಿದ್ದೆ. ಸ್ವಂತ ಮಕ್ಕಳು ಕೇಳುವುದಿಲ್ಲವೆಂದು ಹೇಳಲು ನಾಚಿಕೆಯಾಗಿ ಹೀಗೆ ಹೇಳುತ್ತಾರೆ ಎಂದುಕೊಂಡಿದ್ದೆ. ಈಗ ನನ್ನ ಪಾಳಿ.

"ಅಕ್ಕಾರ, ನಿಮಗ ಆ ನೇಮ ಮರತ ಹೋಗೇತಿ ಅಂತ ಬರೀತೀನಿ. ನಲವತ್ತೆರಡ ವರ್ಷ ಆತು. ಯಾರರೆ ಮರೀತಾರ."

"ಮರಿಯೂದೂ ಒಂದ ದೋಷೈತಿ ತಮ್ಮಾ. ಮಹಾರಾಜರು ಅವತ್ತ ನೇಮಾ ಕೆಡಸೂ ಐದು ದೋಷಾ ಎಣಿಸಿ ಹೇಳಿದ್ರು. ಅದು ಐದನೇದು."

ಸ್ವಲ್ಪ ಯೋಚಿಸಿದೆ.

"ಅಥಣಿ ತನಕ ಗಡಿ ಹಾಕ್ಕೊಂಡೀರಿ. ಆ ಕಡೆ ಎಷ್ಟ ಸಲ ಹೋಗೀರಿ?"

"ಚಿಕ್ಕೋಡಿ ದಾಟಿ ಒಮ್ಮಿನೂ ಹೋಗಿಲ್ಲ."

"ಹಂಗಾರ ಆ ಕಡೆ ಐವತ್ತ ಕಿಲೋಮೀಟರ್ ಹಂಗ ಉಳದೈತಿ. ಅದರಾಗಿನ ಎರಡ ತಗದ ಮ್ಯಾಲ ಹಚ್ಚೂಣು."

ಅವಳ ತುಟಿಯ ಕೊನೆ ಒಂದಿಷ್ಟು ಸಡಿಲವಾಯಿತು. "ಒಂದ ದಿಕ್ಕಿಂದ ಇನ್ನೊಂದಕ್ಕ ಕೂಡಸೂದು ನಾಕನೇ ದೋಷ. ನಿನ್ನಂಥಾವ್ರು ಹಿಂದಕೂ ಇದ್ರಂತ ಕಾಣ್ತದ. ಅದಕ್ಕ ಬರದಿಟ್ಟಾರ."

ನಾನು ಸೋಲಲಿಲ್ಲ. ಈ ಮೂರನೆಯದನ್ನು ಬರೆಯಲು ಈಗ ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ.

"ಕೊಲ್ಲಾಪುರದ ಆಚಿ ಬಾಹುಬಲಿ ಬೆಟ್ಟೈತಿ. ತೀರ್ಥಯಾತ್ರಾಕ್ಕ ಹೊಂಟೀನಿ ಅಂತ ಮನಸಿನ್ಯಾಗ ಅಂದ್ಕೋರಿ. ಯಾತ್ರಾಕ್ಕ ಗಡಿ ಇಲ್ಲ. ನಡುವ ಆಸ್ಪತ್ರಿಗೆ ಹೊಕ್ಕ ಹೋದ್ರಾತು."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ದಿನಾ ಬೆಳಿಗ್ಗೆ ದೀಪ ಹಚ್ಚಿ ಕೈಮುಗಿಯುವವನು. ಆ ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

"ನಾ ಅಕ್ಕನ ಕಡೆ ಹೊಂಟೀನಿ," ಎಂದಳು. "ದೇವ್ರನ್ನ ಮುಂದ ಮಾಡಿ ಹೋಗಂತಿ?"

ಹೊರಗೆ ರನ್‌ವೇ ಪಟ್ಟಿಯ ಮೇಲೆ ನಿಂತ ವಿಮಾನದ ರೆಕ್ಕೆಯಿಂದ ನೀರು ಸೋರುತ್ತಿತ್ತು. ಅದರ ಕಡೆ ನೋಡುತ್ತಲೇ ಅವಳು ಮತ್ತೆ ಮಾತು ತೆಗೆದಳು, ಈ ಸಲ ಮೆಲ್ಲಗೆ.

"ಒಂದ ಕೆಲಸಾ ಮಾಡು. ನಮ್ಮಕ್ಕನ್ನ ನಾಕ ದಿನ ಬದುಕಸು. ನೀರ ಇಳೀತದ. ನಾ ಬಸ್ಸಿಗೆ ಹೋಗ್ತೀನಿ."

"ಅದು ನನ್ನ ಕೈಯಾಗಿಲ್ರಿ ಅಕ್ಕಾರ."

"ವಿಮಾನ ತರಸಾಕ ಬರ್ತದ. ಮಳಿ ನಿಂದರ್ಸಾಕ ಬರ್ತದ. ನಾಕ ದಿನ ಕೊಡಾಕ ಬರಂಗಿಲ್ಲ?"

(ನಿಮಗೆ ಹೇಳುತ್ತೇನೆ. ಕೊಡಲು ಬರುತ್ತಿತ್ತು. ಒಂದು ಸಾಲು ಸಾಕಿತ್ತು: ಡಾಕ್ಟರರ ಅಂದಾಜು ತಪ್ಪಿತು, ಕಸ್ತೂರೆವ್ವ ಇನ್ನೊಂದು ವಾರ ಇದ್ದಳು. ಆದರೆ ಆಗ ರಾಜಮತಿ ಬಸ್ಸಿನಲ್ಲಿ ಹೋಗುತ್ತಿದ್ದಳು, ನೇಮವೂ ಉಳಿಯುತ್ತಿತ್ತು, ಅಕ್ಕನೂ ಸಿಗುತ್ತಿದ್ದಳು, ನನಗೆ ಕಥೆ ಉಳಿಯುತ್ತಿರಲಿಲ್ಲ. ಇದನ್ನು ಅವಳ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ. ಮೇಲೆ ಕೂತು ನಮ್ಮೆಲ್ಲರದನ್ನು ಬರೆಯುವವನು ಒಬ್ಬನಿದ್ದರೆ ಅವನಿಗೂ ಹೀಗೇ ಆಗುತ್ತದೆಯೇ ಎಂಬ ಯೋಚನೆ ಬಂತು. ಆ ಯೋಚನೆಯನ್ನು ಮುಂದುವರಿಸಲಿಲ್ಲ.)

೬

ಯಾಕೂಬನನ್ನು ನಾನು ಕರೆದಿರಲಿಲ್ಲ.

ಅವನು ನಿಲ್ದಾಣದಲ್ಲಿ ಸಾಮಾನು ಎತ್ತುವವನು, ಶೇಡಬಾಳದವನು. ಸಣ್ಣ ವಿಮಾನವಾದ್ದರಿಂದ ಚೀಲದ ಜೊತೆ ಮನುಷ್ಯರನ್ನೂ ತೂಗಬೇಕು. ಆ ಕೆಲಸವೂ ಅವನದೇ. ರಾಜಮತಿಯ ಚೀಲ ಎತ್ತಿಕೊಳ್ಳಲು ಬಂದವನು ನಮ್ಮ ಮಾತು ಕೇಳಿಸಿಕೊಂಡು ನಿಂತಿದ್ದ.

"ಮಾವಶಿ, ನಾ ಯಾಕೂಬ್ರಿ. ನೀವು ಜೈನರೇನ್ರಿ?"

"ಹೌದಪ್ಪಾ."

"ನಮ್ಮ ಓಣಿ ತುಂಬ ನಿಮ್ಮವ್ರ ಅದಾರ್ರಿ. ಹೊತ್ತ ಮುಳಗೂ ಮುಂದ ನಮ್ಮವ್ವ ಬಾಜೂ ಮನೀ ಅಜ್ಜಿಗೆ ಕೂಗಿ ಹೇಳ್ತಿದ್ಲು, ಉಣ್ಣಬೇ ಮುದಕಿ, ಹೊತ್ತ ಹೊಂಟೈತಿ ಅಂತ. ಆಕಿಗೆ ಕಣ್ಣ ಕಾಣತಿರ್ಲಿಲ್ಲ."

ಅವನು ಚೀಲವನ್ನು ತಕ್ಕಡಿಯ ಮೇಲೆ ಇಟ್ಟ, ಮುಳ್ಳು ನೋಡಿದ, ತೆಗೆದ.

"ಎತ್ತರದ ಚಿಂತಿ ಬಿಡ್ರಿ ನೀವು. ಈ ಸಣ್ಣ ಇಮಾನ ಮ್ಯಾಲ ಹೋಗೂದ ಇಲ್ಲ. ಗಿಡದ ತುದಿ ಹಿಡದ ಹೋಗ್ತದ. ನಿಮ್ಮ ಬಸ್ತಿ ಶಿಖರದ ಬಾಜೂಕ ಹಾದ್ರ ಕಳಸಾ ಮ್ಯಾಲೇ ಉಳೀತದ್ರಿ."

ರಾಜಮತಿ ತಕ್ಕಡಿಯ ಮುಂದೆ ನಿಂತಳು.

"ನೀ ಯಾವಾಗರೆ ಅದರಾಗ ಕುಂತೀಯೇನು?"

"ಇಲ್ರಿ. ನನ್ನ ಯಾರ ಕೂಡಸ್ತಾರ."

"ರಂಜಾನಿಗೆ ರೋಜಾ ಹಿಡೀತಿ?"

"ತಪ್ಪಸೂದಿಲ್ರಿ."

"ಮತ್ತ ಇಷ್ಟ ದೊಡ್ಡ ಸುಳ್ಳ ಯಾಕ ಹೇಳಾಕತ್ತಿ?"

ಯಾಕೂಬ ತಕ್ಕಡಿಯ ಹಲಗೆಯ ಮೇಲಿನ ಕೆಸರನ್ನು ಕಾಲಿನಿಂದ ಒರೆಸಿದ. ಅವಳ ಕಡೆ ನೋಡಲಿಲ್ಲ.

"ಸುಳ್ಳ ಹೇಳಿದ ಪಾಪ ನನಗಿರ್ಲಿ ಬಿಡ್ರಿ ಮಾವಶಿ. ನೀವು ಹತ್ರಿ. ಅಕ್ಕ ಕಾಯಾಕತ್ತಾಳ."

(ಈ ಮಾತನ್ನು ನಾನು ಅವನ ಬಾಯಲ್ಲಿ ಇಟ್ಟೆ ಎಂದು ನಿಮಗೆ ಅನುಮಾನ ಬರಬಹುದು. ನಾನು ಅವನಿಗೆ ಬರೆದುಕೊಟ್ಟಿದ್ದದ್ದು "ತೂಕಕ್ಕ ನಿಂದರ್ರಿ" ಎಂಬುದೊಂದೇ. ಅದನ್ನು ಅವನು ಹೇಳಲೇ ಇಲ್ಲ.)

ರಾಜಮತಿ ತಕ್ಕಡಿ ಹತ್ತಿದಳು. ಮುಳ್ಳು ಅಲುಗಾಡಿ ನಲವತ್ತಾರಕ್ಕೆ ನಿಂತಿತು. ಅವಳು ಇಳಿಯಲಿಲ್ಲ. ಹಿಂದೆ ನಿಂತ ಸೂಟಿನವನೊಬ್ಬ ಗಡಿಯಾರ ನೋಡಿಕೊಂಡ. ಅವಳ ಕಣ್ಣು ಯಾಕೂಬನ ಮೇಲಿತ್ತು, ಆದರೆ ನೋಡುತ್ತಿದ್ದದ್ದು ಅವನನ್ನಲ್ಲ.

"ಅವತ್ತ ಅಕ್ಕನೂ ಹಿಂಗ ಅಂದಿದ್ಲು," ಎಂದಳು, ತನಗೆ ತಾನೇ. "ನಾ ಕೇಳಸ್ಕೊಳ್ಳಿಲ್ಲ."

ಕೆಳಗಿಳಿದು ಚೀಲಕ್ಕೆ ಕೈ ಚಾಚಿದಳು.

"ನನ್ನದ ನಾ ಹೊರತೀನಿ ಯಾಕೂಬ. ನೀ ಹೊರಬ್ಯಾಡ. ಅದು ಮ್ಯಾಲ ಹೋಗ್ತದ ಅಂತ ನನಗ ಗೊತ್ತೈತಿ. ಗೊತ್ತಿದ್ದ ಹತ್ತಾಕತ್ತೀನಿ."

ವಿಮಾನಕ್ಕೆ ಐದು ಮೆಟ್ಟಿಲು. ಒಂದೊಂದಕ್ಕೂ ಎರಡೂ ಕಾಲು ಇಟ್ಟು ಹತ್ತಿದಳು.

೭

ಮೊದಲ ನಿಮಿಷ: ಅವಳು ಕಣ್ಣು ಮುಚ್ಚಿದಳು. ಎರಡನೆಯದರಿಂದ ಎಂಟನೆಯದರವರೆಗೆ ತುಟಿ ಅಲುಗುತ್ತಿತ್ತು. ಕಿವಿ ಗಡಚಿಕ್ಕಿ ನೋವಾದಾಗ ಒಂದು ಸಲ ನಿಂತು ಮತ್ತೆ ಶುರುವಾಯಿತು. ಹತ್ತನೆಯ ನಿಮಿಷಕ್ಕೆ ಘಟಪ್ರಭೆ ಹಿಂದೆ ಉಳಿಯಿತು. ಹದಿನಾರು, ಹದಿನೇಳಕ್ಕೆ ನಿಪ್ಪಾಣಿ.

ಕಥೆಯನ್ನು ಇಲ್ಲಿ ನಿಲ್ಲಿಸಬೇಕೆಂದು ನಾನು ಮೊದಲೇ ಗೊತ್ತು ಮಾಡಿಕೊಂಡಿದ್ದೆ. ಆಕಾಶದ ನಟ್ಟನಡುವೆ, ಎರಡು ನಿಲ್ದಾಣಗಳ ನಡುವಿನ ಗೆರೆಯ ಮೇಲೆ. ನಾನು ಮುಂದೆ ಬರೆಯದಿದ್ದರೆ ವಿಮಾನ ಇಳಿಯುವುದಿಲ್ಲ, ಆಸ್ಪತ್ರೆಯ ಗಡಿಯಾರ ಓಡುವುದಿಲ್ಲ, ಕಸ್ತೂರೆವ್ವ ಸಾಯುವುದಿಲ್ಲ. ಇಂಥ ಮುಕ್ತಾಯ ಈಗಿನ ವಿಮರ್ಶಕರಿಗೆ ಸೇರುತ್ತದೆ. ಮುಕ್ತ ಅಂತ್ಯ ಅನ್ನುತ್ತಾರೆ. ನನಗೂ, ನಿಜ ಹೇಳಬೇಕೆಂದರೆ, ಕಣ್ಣು ತುಂಬಿ ಬಂದಿತ್ತು. ಪೆನ್ನಿನ ಟೊಪ್ಪಿಗೆ ಹಾಕಿದೆ.

"ಯಾಕ ನಿಂತಿ?"

ರಾಜಮತಿ ಕಣ್ಣು ತೆರೆದಿದ್ದಳು.

"ಇಲ್ಲಿಗೆ ಮುಗಸ್ತೀನ್ರಿ ಅಕ್ಕಾರ. ಇಲ್ಲಿ ಯಾರೂ ಸಾಯಂಗಿಲ್ಲ."

"ಇಲ್ಲಿ ಅಂದ್ರ ಎಲ್ಲಿ?"

ಸುತ್ತ ನೋಡಿದೆ. ಬಿಳಿ ಮೋಡ, ಅದರ ಸಂದಿಯಲ್ಲಿ ಕೆಳಗೆ ಕಂದು ನೀರು.

"ನಾ ಹಾಕ್ಕೊಂಡ ಗಡಿ ತಳಗೈತಿ," ಎಂದಳು. "ಒಮ್ಮೆ ಮುರದ್ರ ಮುಗೀತು ಅಂದ್ಕೊಂಡೀಯೇನು? ನಾ ಇಲ್ಲಿ ಇರೂ ತನಕಾ ಮುರೀತಾನ ಇರ್ತದ. ನೀ ಒಂದೊಂದ ಸಾಲಿಗೆ ತಡಾ ಮಾಡಿದಂಗ ಅದು ಬೆಳೀತದ. ನಿನಗ ಇದು ಚಂದ ಕಾಣ್ತದ ತಮ್ಮಾ. ನಿನಗೇನ ಆಗಬೇಕಾಗೇತಿ ಇಲ್ಲಿ? ನೀ ಯಾವ ನೇಮಾ ಹಿಡದ ಬಂದೀದಿ? ನಾ ಅಕ್ಕನ್ನ ನೋಡಾಕ ಮುರದೀನಿ, ಆಕಾಶದಾಗ ಜೋತಬೀಳಾಕ ಅಲ್ಲ. ತಳಗ ಇಳಸು."

ಇಷ್ಟು ದೀರ್ಘವಾಗಿ ಅವಳು ಮಾತಾಡಿದ್ದು ಈ ಕಥೆಯಲ್ಲಿ ಇದೊಂದೇ ಸಲ.

ಪೆನ್ನಿನ ಟೊಪ್ಪಿಗೆ ತೆಗೆದೆ. ಮೋಡ ಸರಿಯಿತು. ಕೆಳಗೆ ನೀರು ನಿಂತ ಹೊಲಗಳು, ನಡುನಡುವೆ ಕಬ್ಬಿನ ಹಸಿರು, ಅದಕ್ಕೆ ಅಂಟಿಕೊಂಡಂತೆ ಒಂದು ಊರು. ನಾನು ಬೆರಳು ತೋರಿಸಿದೆ.

"ಅಕ್ಕೋಳ್ರಿ."

ಅವಳು ಕಿಟಕಿಯ ಗಾಜಿಗೆ ಹಣೆ ಒತ್ತಿದಳು. "ಬಸ್ತಿ ಯಾವುದು?"

ಹುಡುಕಿದೆ. ಮನೆಗಳು, ಗಿಡಗಳು, ಬಣವೆಗಳು, ಎಲ್ಲ ಒಂದೇ ಮಟ್ಟಕ್ಕೆ ಒರಗಿಕೊಂಡಿದ್ದವು, ಒದ್ದೆ ನೆಲದ ಮೇಲೆ ಬಿದ್ದ ಹೊಟ್ಟಿನ ಹಾಗೆ. ಶಿಖರವೆಂದು ತೋರಿಸಲು ಏನೂ ಎದ್ದು ನಿಂತಿರಲಿಲ್ಲ.

"ಕಾಣವಲ್ದು," ಎಂದಳು. ಹಣೆಯನ್ನು ಗಾಜಿನಿಂದ ತೆಗೆದು ಸೆರಗಿನಿಂದ ಗಾಜು ಒರೆಸಿದಳು, ತಪ್ಪು ಅದರದೇ ಎಂಬಂತೆ. ಮತ್ತೆ ನೋಡಿದಳು. ಅಷ್ಟರಲ್ಲಿ ಊರು ಹಿಂದೆ ಸರಿದಿತ್ತು.

ಇಳಿಸಿದೆ.

೮

ಉಜಳಾಯಿವಾಡಿಯಿಂದ ಆಸ್ಪತ್ರೆಗೆ ರಿಕ್ಷಾ. ತೊಂಬತ್ತಾರು ಕಿಲೋಮೀಟರಿಗೆ ಇಪ್ಪತ್ತೈದು ನಿಮಿಷವಾದರೆ ಈ ಒಂಬತ್ತು ಕಿಲೋಮೀಟರಿಗೆ ಐವತ್ತು ನಿಮಿಷ ಹಿಡಿಯಿತು. ರಸ್ತೆಯ ಮೇಲೆ ಮೊಳಕಾಲುದ್ದ ನೀರು. ಆ ಹೊತ್ತಿನಲ್ಲಿ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಮೂರು ಮುಕ್ತಾಯ ಬರೆದೆ. ಅವಳಿಗೆ ಓದಿ ಹೇಳಿದೆ, ಯಾವುದು ಬೇಕೋ ಆರಿಸಿಕೊಳ್ಳಲಿ ಎಂದು. ನಾಲ್ಕು ದಿನ ಕೊಡದವನು ಇಷ್ಟಾದರೂ ಕೊಡಬೇಕಲ್ಲ.

ಮೊದಲನೆಯದು: ಕಸ್ತೂರೆವ್ವ ಕಣ್ಣು ತೆರೆದು ತಂಗಿಯ ಕೈ ಹಿಡಿಯುತ್ತಾಳೆ. ಇಬ್ಬರೂ ಏಕಕಾಲಕ್ಕೆ ಕ್ಷಮಾ ಅನ್ನುತ್ತಾರೆ.

"ಇದು ನಮ್ಮಕ್ಕ ಅಲ್ಲ," ಎಂದಳು ರಾಜಮತಿ. "ಆಕಿ ಮದಲ ಕೇಳಾಕಿ, ಉಂಡ ಬಂದಿಯೇನು ಅಂತ."

ಎರಡನೆಯದು: ಹಾಸಿಗೆ ಖಾಲಿ. ಗಾದಿ ಸುರುಳಿ ಸುತ್ತಿ ಇಟ್ಟಿದ್ದಾರೆ.

ಅವಳು ರಿಕ್ಷಾದ ಹೊರಗೆ ಮುಖ ತಿರುಗಿಸಿದಳು.

ಮೂರನೆಯದು: ಕಸ್ತೂರೆವ್ವ ಇದ್ದಾಳೆ, ಆದರೆ ಗುರುತು ಹಿಡಿಯುವುದಿಲ್ಲ. ತಂಗಿಯನ್ನು ತಾಯಿ ಎಂದು ತಿಳಿಯುತ್ತಾಳೆ.

"ಇದು ನಿನಗ ಭಾಳ ಸೇರೇತಿ," ಎಂದಳು, ಹೊರಗೆ ನೋಡುತ್ತಲೇ. "ಓದೂ ಮುಂದ ದನಿ ಬದಲ ಆತು."

ನಿಜ. ಅದೇ ನನ್ನ ಮೆಚ್ಚಿನದಾಗಿತ್ತು.

"ಹಂಗಾರ ಯಾವುದು ಇಡಲಿ ಅಕ್ಕಾರ?"

"ಮೂರೂ ಹರಿ. ಮುಂದಿಂದು ನಮ್ಮ ಅಕ್ಕ ತಂಗೀದೈತಿ."

ಆಸ್ಪತ್ರೆಯ ಎರಡನೆಯ ಮಹಡಿ. ಹಾಕಿದ ಬಾಗಿಲಿನ ಹೊರಗೆ ಬೆಂಚಿನ ಮೇಲೆ ಅಣ್ಣಾಸಾಬರು ಕೂತಿದ್ದರು, ಟೊಪ್ಪಿಗೆ ತೆಗೆದು ಮೊಳಕಾಲ ಮೇಲೆ ಇಟ್ಟುಕೊಂಡು. ನಾದಿನಿಯನ್ನು ನೋಡಿ ಎದ್ದು ನಿಂತರು.

"ಹೆಂಗ ಬಂದಿ ರಾಜಾ? ದಾರಿ ಎಲ್ಲೈತಿ?"

"ಬಂದ್ನಿ ಭಾವಾರ. ಎಚ್ಚರ ಅದಾಳೇನ್ರಿ?"

ಅಣ್ಣಾಸಾಬರು ಅವಳ ಮುಖ ನೋಡಲಿಲ್ಲ.

"ಈಗರ ಡಾಕ್ಟರ್ ಬಂದ ಹೋದ್ರು," ಎಂದರು. "ಒಳಗ ಹೋಗು."

ಅವಳು ಚೀಲವನ್ನು ಗೋಡೆಗೆ ಒರಗಿಸಿ ಇಟ್ಟಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಬಾಗಿಲು ನೂಕಿ ಒಳಗೆ ಹೋದಳು. ನಾನೂ ಹಿಂದೆ ಹೆಜ್ಜೆ ಇಟ್ಟೆ. ಅಣ್ಣಾಸಾಬರ ಕೈ ಅಡ್ಡ ಬಂತು.

"ನೀವ ಯಾರ್ರಿ?"

"ಬರಿಯಾಂವ್ರಿ."

"ದವಾಖಾನಿ ಬರಿಯಾವ್ರೇನ್ರಿ? ಹೆಸರ ಆಗಲೇ ಬರಸೇನಿ."

"ಅಲ್ರಿ. ನಾ ಕಥಿ ಬರೀತೀನಿ."

ಅವರು ಅದನ್ನು ಅರ್ಥ ಮಾಡಿಕೊಳ್ಳಲು ಒಂದಿಷ್ಟು ಪ್ರಯತ್ನ ಪಟ್ಟರು. ಮೂರು ದಿನದಿಂದ ನಿದ್ದೆಯಿಲ್ಲದ ಮುಖ. ಆಮೇಲೆ ಬೆಂಚಿನ ಮೇಲಿದ್ದ ಟವೆಲ್ಲನ್ನು ಎತ್ತಿ ಜಾಗ ಮಾಡಿದರು.

"ಹಂಗಾರ ಇಲ್ಲೇ ಕೂಡ್ರಿ."

ಕೂತೆ. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಸಂದಿಯಲ್ಲಿ ಬಿಳಿ ಪರದೆಯ ಅಂಚು ಕಂಡಿತು, ಮಂಚದ ಕಾಲು ಕಂಡಿತು. ಆಮೇಲೆ ಅದೂ ಇಲ್ಲ. ಒಳಗಿನಿಂದ ರಾಜಮತಿಯ ದನಿ ಬಂತು.

"ಅಕ್ಕಾ, ನಾ ನೇಮಾ ಮುರದ ಬಂದ್ನಿ."

ಅದಾದ ಮೇಲೆ ಏನೂ ಇಲ್ಲ. ಕೆಳಗಡೆ ಎಲ್ಲೋ ಯಾರೋ ಬಕೆಟ್ಟು ಎಳೆದರು. ಈ ಮೌನದಲ್ಲಿ ನಾನು ಒಂದು ಮಾತು ಬರೆಯಬಹುದಿತ್ತು. ಬೇರೊಂದು ದನಿಯ ಎರಡು ಪದ, ಅಥವಾ ಒಂದು ಅಳು. ಪೆನ್ನು ಕೈಯಲ್ಲೇ ಇತ್ತು.

"ಕಸ್ತೂರಕ್ಕಾ," ಎಂದಳು ಮತ್ತೆ, ಈ ಸಲ ಸ್ವಲ್ಪ ಜೋರಾಗಿ. "ಕೇಳಸ್ತೈತೇನ?"

ನಾನು ಅರ್ಧ ಎದ್ದೆ. ಅಣ್ಣಾಸಾಬರು ನನ್ನ ತೋಳು ಹಿಡಿದು ಕೂಡಿಸಿದರು. ಆ ಕೈಯನ್ನು ನಾನು ಸರಿಸಲಿಲ್ಲ.